ಒಲೆ ಆರಿದ ವಾರ ವಾಸಿಯಾದ ಕೈಗಳು

ಚರ್ಮರೋಗ ಸಂಶೋಧನಾ ಪತ್ರಿಕೆಯ ಪ್ರಧಾನ ಸಂಪಾದಕರಿಗೆ,

ಮಾನ್ಯರೇ,

ನನ್ನ ಅತ್ತೆ ಮುನಿವೆಂಕಟಮ್ಮನವರ ಕೈ ವಾಸಿಯಾಗಿಲ್ಲ. ವಾಸಿಯಾಗಿದೆ ಎಂದು ನಿಮ್ಮ ಪತ್ರಿಕೆ ಕೊರೊನಾ ಬರುವುದಕ್ಕೆ ಮುಂಚಿನ ವರ್ಷ ಅಚ್ಚು ಹಾಕಿತು. ನೀವು ಅಚ್ಚು ಹಾಕಿದ್ದನ್ನು ಇನ್ನೊಬ್ಬರು ಎತ್ತಿ ಬರೆದರು, ಅವರು ಬರೆದದ್ದನ್ನು ಮತ್ತೊಬ್ಬರು ಎತ್ತಿ ಬರೆದರು. ಕೊನೆಗೆ ಅದು ಒಂದು ದಪ್ಪ ಪುಸ್ತಕದ ಒಳಗೆ ಹೋಗಿ ಕೂತಿತು. ಆ ಪುಸ್ತಕದ ಪುಟ ತೋರಿಸಿಯೇ ಒಬ್ಬ ವೈದ್ಯರು ನಮ್ಮ ಅತ್ತೆಗೆ ಕೊಡಬೇಕಾಗಿದ್ದ ಒಂದೇ ಒಂದು ಚೀಟಿಯನ್ನು ಕೊಡದೆ ಮನೆಗೆ ಕಳಿಸಿದರು. ನಿಮ್ಮ ಪತ್ರಿಕೆಯ ತಪ್ಪನ್ನು ನೀವು ತಿದ್ದಿಲ್ಲ, ತಿದ್ದಿ ಎಂದು ಬರೆದರೆ ಓದಲೂ ಇಲ್ಲ ಎಂಬುದು ನನ್ನ ದೂರು.

ಓದಲಿಲ್ಲ ಎಂದೆ. ತಪ್ಪು, ಕ್ಷಮಿಸಿ, ಓದಿದ್ದೀರಿ. ನಾನು ಇಂಗ್ಲಿಷಿನಲ್ಲೇ, ಫೋಟೋ ಸಮೇತ, ಗೌರವದಿಂದಲೇ ಬರೆದಿದ್ದ ಪತ್ರಕ್ಕೆ ನಿಮ್ಮ ಕಚೇರಿಯಿಂದ ಉತ್ತರ ಬಂತು. ಸಂಪಾದಕರಿಗೆ ಬರೆಯುವ ಪತ್ರಕ್ಕೆ ಕನಿಷ್ಠ ಐದು ಉಲ್ಲೇಖಗಳಿರಬೇಕಂತೆ. ಬರೆದವರು ಮಾನ್ಯತೆ ಪಡೆದ ಸಂಸ್ಥೆಯ ಸಂಶೋಧಕರಾಗಿರಬೇಕಂತೆ. ಮನೆಯವರ ಅನುಭವವನ್ನು ಪುರಾವೆ ಎಂದು ಸ್ವೀಕರಿಸಲು ಸಾಧ್ಯವಿಲ್ಲವಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಸುಮ್ಮನೆ ಕೇಳುತ್ತಿದ್ದರು. ಬೇಕು, ತಮ್ಮಲ್ಲಿ ಬೇಕು. ಕನ್ನಡಿಯ ಜೊತೆಗೆ ಹುಣ್ಣಿನ ಬಗ್ಗೆ ಈ ಹಿಂದೆ ಬರೆದ ಐದು ಜನರ ಸಾಕ್ಷಿಯೂ ಬೇಕು. ಅಷ್ಟನ್ನು ಒದಗಿಸುವ ಶಕ್ತಿ ನನಗಿಲ್ಲದ ಕಾರಣ ನಮ್ಮ ತಾಲ್ಲೂಕಿನ ಜನ ಓದುವ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಅಂಥ ನಿಯಮ ಇಲ್ಲ.

ನಾನು ಯಾರು ಎಂದು ಹೇಳಬೇಕು. ಈ ಜಿಲ್ಲೆಯಲ್ಲಿರುವ ಒಂದು ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿ. ಮನೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಪಕ್ಕದ ಹಳ್ಳಿ. ನನ್ನ ಗಂಡ ಕೆಂಪರಾಜು ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಅತ್ತೆ ಮದುವೆಯಾಗಿ ಬಂದ ಮಾರನೇ ವರ್ಷದಿಂದ ರೇಷ್ಮೆಗೂಡಿನ ನೂಲು ಬಿಚ್ಚುವವರು. ನೀವು ರೇಷ್ಮೆ ಸೀರೆ ನೋಡಿರುತ್ತೀರಿ, ನೂಲು ಬಿಚ್ಚುವುದನ್ನು ನೋಡಿರಲಾರಿರಿ. ಬೇಯಿಸಿದ ಗೂಡುಗಳು ಬಿಸಿನೀರಿನ ಬೇಸಿನ್‌ನಲ್ಲಿ ತೇಲುತ್ತಿರುತ್ತವೆ. ಹೆಂಗಸರು ಅದರಲ್ಲಿ ಬೆರಳದ್ದಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ತುದಿ ಹುಡುಕಿ, ನಾಲ್ಕೈದು ಎಳೆ ಸೇರಿಸಿ ರಾಟೆಗೆ ಏರಿಸುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಬೆರಳು ನೀರಿನಲ್ಲೇ. ನೀರಿನಲ್ಲಿ ಗೂಡಿನ ಅಂಟು, ಸತ್ತ ಹುಳುವಿನ ರಸ. ಮೊದಲು ಬೆರಳ ಸಂದಿ ಬಿಳುಪಾಗುತ್ತದೆ, ಆಮೇಲೆ ಬಿರಿಯುತ್ತದೆ, ಆಮೇಲೆ ಉಗುರಿನ ಬುಡದಲ್ಲಿ ಕೀವು. ಮನೆಗೆ ಬಂದು ಉಪ್ಪು ಮುಟ್ಟಿದರೆ ಅತ್ತೆ ಹಲ್ಲು ಕಚ್ಚಿಕೊಳ್ಳುವುದನ್ನು ನಾನು ಮದುವೆಯಾದ ದಿನದಿಂದ ನೋಡಿದ್ದೇನೆ.

ಈ ಕೈಗಳನ್ನು ನೋಡಲು ಒಮ್ಮೆ ಬೆಂಗಳೂರಿನಿಂದ ದೊಡ್ಡ ಪ್ರೊಫೆಸರ್ ಒಬ್ಬರ ತಂಡ ಬಂತು. ಅದಕ್ಕೆ ನಮ್ಮ ಕೃತಜ್ಞತೆ ಇದೆ, ವ್ಯಂಗ್ಯವಲ್ಲ. ಅದುವರೆಗೆ ಯಾವ ಡಾಕ್ಟರೂ ನೂಲು ಬಿಚ್ಚುವ ಫಿಲೇಚರ್ ಬಾಗಿಲು ತುಳಿದಿರಲಿಲ್ಲ. ಬಂದವರು ಸಾಲಾಗಿ ಕೂರಿಸಿ ಕೈ ನೋಡಿದರು, ಫೋಟೋ ತೆಗೆದರು, ಒಬ್ಬೊಬ್ಬರಿಗೂ ಮುಲಾಮಿನ ಟ್ಯೂಬು ಕೊಟ್ಟು ದಿನಕ್ಕೆ ಮೂರು ಸಲ ಹಚ್ಚಿ ಎಂದರು. ಹೆಂಗಸರು ಹೂಂ ಎಂದರು. ಹಚ್ಚಿದರೇ? ಹೇಗೆ ಹಚ್ಚುತ್ತಾರೆ ಸ್ವಾಮಿ? ಜಿಡ್ಡು ಕೈಯಲ್ಲಿ ರೇಷ್ಮೆ ಮುಟ್ಟಿದರೆ ಎಳೆ ಜಾರುತ್ತದೆ, ನೂಲಿಗೆ ಕಲೆ ಹಿಡಿಯುತ್ತದೆ, ಫಿಲೇಚರ್ ಮಾಲೀಕ ಹನುಮಂತರಾಯಪ್ಪ ಸುಮ್ಮನಿರುವ ಪೈಕಿ ಅಲ್ಲ. ಟ್ಯೂಬುಗಳು ಮನೆ ಸೇರಿ ಗೋಡೆಯ ಗೂಡಿನಲ್ಲಿ ಕೂತವು. ನಮ್ಮ ಮಾವನವರು ಅದನ್ನು ಒಡೆದ ಹಿಮ್ಮಡಿಗೆ ಹಚ್ಚಿ ಬಹಳ ಹೊಗಳಿದರು.

ತಂಡ ಎರಡನೇ ಸಲ ಬಂದದ್ದು ಕೆಲವು ವಾರಗಳ ಮೇಲೆ. ಈ ಎರಡನೇ ಭೇಟಿಯ ವಿಚಾರವನ್ನೇ ನಾನು ತಮಗೆ ತಿಳಿಸಲು ಒದ್ದಾಡುತ್ತಿರುವುದು, ದಯವಿಟ್ಟು ನಿಧಾನವಾಗಿ ಓದಿ. ನಮ್ಮ ಊರಿನಲ್ಲಿ ವರ್ಷಕ್ಕೊಮ್ಮೆ ಗ್ರಾಮದೇವತೆಗೆ ಸಾರು ಹಾಕುತ್ತಾರೆ. ಎಂದರೆ ಊರೆಲ್ಲ ತಮಟೆ ಬಡಿದು, ಇಂದಿನಿಂದ ಪೂಜೆ ಮುಗಿಯುವವರೆಗೆ ಕಟ್ಟುಪಾಡು ಎಂದು ಸಾರುತ್ತಾರೆ. ಸಾರು ಬಿದ್ದ ಮೇಲೆ ಮನೆಗಳಲ್ಲಿ ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ. ಒಗ್ಗರಣೆಯೇ ಬೇಡವೆನ್ನುವ ತಾಯಿ ಜೀವವಿರುವ ಹುಳುವನ್ನು ಬೇಯಿಸಲು ಬಿಡುತ್ತಾಳೆಯೇ? ಗೂಡಿನ ಒಲೆ ಆರಿಸುತ್ತಾರೆ, ಬೇಸಿನ್ ಕವುಚಿ ಹಾಕುತ್ತಾರೆ. ಹನುಮಂತರಾಯಪ್ಪ ಎಷ್ಟೇ ಗಟ್ಟಿ ಕುಳವಾದರೂ ಆ ವಾರ ಫಿಲೇಚರ್‌ಗೆ ಬೀಗ ಹಾಕಿ ಬಿಳಿ ಪಂಚೆ ಉಟ್ಟು ತಿರುಗುತ್ತಾರೆ. ತಂಡ ಬಂದದ್ದು ಆ ಕಟ್ಟುಪಾಡು ಮುಗಿಯುವ ಹೊತ್ತಿಗೆ.

ಇಡೀ ವಾರ ಬೇಸಿನ್ ನೀರು ಮುಟ್ಟದ ಕೈಗಳು. ತವರಿಗೆ ಹೋದ ಹೆಣ್ಣಿನ ಕೈ ಹೇಗಿರುತ್ತದೋ ಹಾಗಿದ್ದವು. ಬಿರುಕು ಕೂಡಿಕೊಂಡಿತ್ತು, ಕೀವು ಒಣಗಿತ್ತು. ಜೊತೆಗೆ ಹಬ್ಬ; ಮಿಂದು ಮಡಿಯುಟ್ಟು, ಎಣ್ಣೆ ಸವರಿಕೊಂಡು, ಹೊಸ ಬಳೆ ತೊಟ್ಟು ಬಂದು ಸಮುದಾಯ ಭವನದಲ್ಲಿ ಕೂತರು. ತಂಡದವರು ಬೆರಗಾದರು. ಮುಲಾಮು ಕೆಲಸ ಮಾಡಿದೆ! ಮತ್ತೆ ಫೋಟೋ. "ಈಗ ಹೇಗಿದೆ ಅಮ್ಮ?" ಎಂದು ಒಬ್ಬೊಬ್ಬರನ್ನೂ ಕೇಳಿದರಂತೆ. ಎಲ್ಲರೂ ಚೆನ್ನಾಗಿದೆ ಎಂದರಂತೆ.

ನಾನು ಈಚೆಗೆ ಅತ್ತೆಯನ್ನು ಕೇಳಿದೆ, ಸ್ವಲ್ಪ ಜೋರಾಗಿಯೇ ಕೇಳಿದೆ: "ಒಲೆ ಆರ್ಸಿದ್ದೀವಿ, ಅದಕ್ಕೆ ಕೈ ಹಿಂಗಿದೆ ಅಂತ ಒಂದ್ ಮಾತು ಹೇಳಕ್ಕೆ ಏನಾಗಿತ್ತು ಅತ್ತೆ?"

"ಕೇಳಿದ್ರೆ ಹೇಳ್ತಿದ್ವಿ ಕಣಮ್ಮಿ," ಎಂದರು. "ಕೈ ಹೆಂಗೈತೆ ಅಂದ್ರು, ಚೆಂದಾಗೈತೆ ಅಂದ್ವಿ. ಕೆಲ್ಸ ಮಾಡ್ತಿದ್ದೀರಾ ಅಂತ ಯಾರ್ ಕೇಳಿದ್ರು? ಅಲ್ದೆ, ಅಷ್ಟು ದೂರದಿಂದ ಬಂದು ಪುಕ್ಕಟೆ ಔಸ್ದಿ ಕೊಟ್ಟೋರ ಮುಂದೆ, ನಿಮ್ ಔಸ್ದಿ ಹಚ್ಚೇ ಇಲ್ಲ ಅನ್ನಕ್ಕಾಯ್ತದಾ? ಅದೂ ಹಬ್ಬದ್ ದಿನ! ಮರ್ವಾದೆ ಬ್ಯಾಡ್ವಾ?"

ಮರ್ಯಾದೆ. ನೋಡಿ, ನಮ್ಮವರ ತಪ್ಪು ಅಷ್ಟೇ. ಮನೆಗೆ ಬಂದವರ ಮುಖ ಬಾಡಬಾರದು ಎಂದುಕೊಂಡರು. ಅದಕ್ಕೆ ನಾನು ಅವರನ್ನು ಬೈದೂ ಆಗಿದೆ. ಆದರೆ ಬಾಗಿಲಿಗೆ ತೋರಣ, ಬೀದಿಗೆ ಸೀರಿಯಲ್ ದೀಪ, ಫಿಲೇಚರ್‌ಗೆ ಬೀಗ, ಇಷ್ಟನ್ನೂ ದಾಟಿ ಒಳಗೆ ಬಂದ ತಂಡದಲ್ಲಿ ಒಬ್ಬರಿಗಾದರೂ, "ಇವತ್ತು ರಾಟೆ ಯಾಕೆ ತಿರುಗುತ್ತಿಲ್ಲ?" ಎಂದು ಕೇಳಬೇಕು ಎನ್ನಿಸಲಿಲ್ಲವಲ್ಲ, ಅವರನ್ನು ಬೈಯುವವರು ಯಾರು? ಅವರು ಬರೆದುಕೊಟ್ಟದ್ದನ್ನು ಪರಿಶೀಲನೆಗೆಂದು ಇಬ್ಬರು ತಜ್ಞರಿಗೆ ಕಳಿಸಿದಿರಲ್ಲ, ಆ ತಜ್ಞರು ಏನು ಪರಿಶೀಲಿಸಿದರು? ಅಲ್ಪವಿರಾಮಗಳನ್ನೇ?

ಹೀಗೆ ಆ ಲೇಖನ ನಿಮ್ಮಲ್ಲಿ ಪ್ರಕಟವಾಯಿತು. ರೇಷ್ಮೆ ನೂಲು ತೆಗೆಯುವ ಮಹಿಳೆಯರ ಕೈ ಚರ್ಮದ ಉರಿಯೂತವು, ಕೆಲಸ ಬಿಡುವ ಅಗತ್ಯವಿಲ್ಲದೆ, ಮುಲಾಮಿನಿಂದ ಬಹುಪಾಲು ವಾಸಿಯಾಗುತ್ತದೆ ಎಂಬುದು ಅದರ ತಾತ್ಪರ್ಯ. ಮೊದಲು, ಆಮೇಲೆ ಎಂದು ಅಕ್ಕಪಕ್ಕ ಎರಡು ಫೋಟೋ. ಎರಡನೆಯದರಲ್ಲಿ ಕಾಣುವ ಹಸಿರು ಗಾಜಿನ ಬಳೆ ನನಗೆ ಗೊತ್ತು. ಆ ಹಬ್ಬಕ್ಕೆ ನಾನೇ ತೊಡಿಸಿದ್ದು.

ಮುಂದಿನದನ್ನು ನಾನು ನನ್ನ ಮೇಜಿನ ಮುಂದೆ ಕೂತೇ ಹುಡುಕಿದೆ. ಯಾರ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ಹುಡುಕಿ ಕೊಡುವುದು ನಮ್ಮ ಗ್ರಂಥಾಲಯದ ನಿತ್ಯದ ಕೆಲಸ. ಕಾಲೇಜಿನ ತಪಾಸಣೆಗೆ ಬರುವವರಿಗೆ, ಬಡ್ತಿ ಬೇಕಾದವರಿಗೆ, ಎಲ್ಲರಿಗೂ ಆ ಲೆಕ್ಕ ಬೇಕು. ನಿಮ್ಮ ಲೇಖನವನ್ನು ಮೊದಲು ಉಲ್ಲೇಖಿಸಿದವರು ಅದೇ ಪ್ರೊಫೆಸರರ ಶಿಷ್ಯರು. ಆಮೇಲೆ ಶಿಷ್ಯರ ಸ್ನೇಹಿತರು. ಆಮೇಲೆ ಯಾವುದೋ ದೂರದ ರಾಜ್ಯದ ಸಮೀಕ್ಷೆ. ಒಂದೊಂದು ಕೈ ದಾಟಿದಾಗಲೂ ಮಾತು ಸ್ವಲ್ಪ ಸ್ವಲ್ಪ ದಪ್ಪವಾಯಿತು. ಒಂದು ಊರಿನ ಹೆಂಗಸರು ಎಂದು ಇದ್ದದ್ದು ಕರ್ನಾಟಕದ ರೇಷ್ಮೆ ಕಾರ್ಮಿಕರು ಎಂದಾಯಿತು, ಅವರು ಏಷ್ಯಾದ ರೇಷ್ಮೆ ಕಾರ್ಮಿಕರಾದರು. ಬಹುಪಾಲು ಎಂಬ ಪದ ನಡುವೆ ಎಲ್ಲೋ ಬಸ್ಸಿನಿಂದ ಇಳಿದುಹೋಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಲ್ಲಿ ಕಟ್ಟಿಯೂ ಆಯಿತು, ಹಾಲು ಕರೆದೂ ಆಯಿತು, ಆ ಹಾಲಿನಿಂದ ಎಷ್ಟು ಜನ ಅಸೋಸಿಯೇಟ್ ಪ್ರೊಫೆಸರ್ ಆದರೋ ನಾನು ಎಣಿಸಲು ಹೋಗಿಲ್ಲ. ಇಷ್ಟು ಜನರಲ್ಲಿ ಒಬ್ಬರೂ ದೇವನಹಳ್ಳಿಯಲ್ಲಿ ಇಳಿದು ವಿಜಯಪುರದ ಬಸ್ಸು ಹತ್ತಿಲ್ಲ. ವಿಮಾನ ನಿಲ್ದಾಣಕ್ಕೆ ಮಾತ್ರ ಎಲ್ಲರೂ ಬಂದಿರುತ್ತಾರೆ, ಸಮ್ಮೇಳನಗಳಿಗೆ ಹೋಗಲು. ಅಲ್ಲಿಂದ ನಮ್ಮ ಊರು ಅರ್ಧ ಗಂಟೆಯ ದಾರಿ.

ನಮ್ಮ ಕಡೆ ಮದುವೆಗಳಲ್ಲಿ ಮುಯ್ಯಿ ಓದಿಸುವ ಪದ್ಧತಿ ಇದೆ, ತಾವು ಕೇಳಿರಬಹುದು. ಇವತ್ತು ನೀನು ನನ್ನ ಮಗಳ ಮದುವೆಗೆ ಓದಿಸಿದರೆ ನಾಳೆ ನಿನ್ನ ಮಗನ ಮದುವೆಗೆ ನಾನು ಓದಿಸಬೇಕು. ತಪ್ಪಿದರೆ ಊರೆಲ್ಲ ಆಡಿಕೊಳ್ಳುತ್ತದೆ. ತಮ್ಮ ಉಲ್ಲೇಖಗಳೂ ಹೀಗೇ ನಡೆಯುತ್ತವೆ ಎಂಬುದು ನಾನು ಕೂರುವ ಮೇಜಿಗೆ ಚೆನ್ನಾಗಿ ಕಾಣುತ್ತದೆ. ನಿನ್ನದನ್ನು ನಾನು ಹಾಕುತ್ತೇನೆ, ನನ್ನದನ್ನು ನೀನು ಹಾಕು. ವ್ಯತ್ಯಾಸ ಇಷ್ಟೇ, ಮುಯ್ಯಿ ಓದಿಸುವವರು ಮದುವೆಗಾದರೂ ಬರುತ್ತಾರೆ, ಹುಡುಗಿಯ ಮುಖವನ್ನಾದರೂ ನೋಡುತ್ತಾರೆ. ನೀವು ಉಲ್ಲೇಖಿಸುವ ಲೇಖನವನ್ನು ಓದುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಬೇರೆ ಯಾರಾದರೂ ಹೊಸದಾಗಿ ನೋಡಿ ಸರಿಯಾಗಿ ಬರೆಯಬಹುದಲ್ಲ ಎನ್ನುತ್ತೀರಿ. ನಮ್ಮ ಗ್ರಂಥಾಲಯಕ್ಕೆ ಬರುವ ಚರ್ಮರೋಗದ ಪತ್ರಿಕೆಗಳನ್ನು ನಾನೇ ಕಪಾಟಿಗೆ ಜೋಡಿಸುತ್ತೇನೆ. ಮುಖದ ಬಣ್ಣ, ಮೊಡವೆಯ ಕಲೆ, ಉದುರುವ ಕೂದಲು, ಸುಕ್ಕು, ಲೇಸರ್, ಮತ್ತೆ ಲೇಸರ್. ಇವಕ್ಕೆ ಕಂಪನಿಯವರಿದ್ದಾರೆ, ಓದುವವರಿದ್ದಾರೆ, ಉಲ್ಲೇಖಿಸುವವರಿದ್ದಾರೆ. ಮನುಷ್ಯನಿಗೆ ಕುತ್ತಿಗೆಯಿಂದ ಕೆಳಗೂ ಚರ್ಮವಿದೆ ಎಂಬುದು ಅಪರೂಪಕ್ಕೊಮ್ಮೆ ನೆನಪಾಗುತ್ತದೆ. ನೂಲು ಬಿಚ್ಚುವವರ ಕೈಯ ಬಗ್ಗೆ ಯಾರಾದರೂ ಹುಡುಗರು ಪ್ರಬಂಧ ಮಾಡುತ್ತೇನೆಂದರೆ ಗೈಡು ಹೇಳುತ್ತಾರೆ, "ಅದು ಆಗಿದೆಯಲ್ಲಪ್ಪ, ಪೇಪರ್ ಇದೆಯಲ್ಲ." ಒಂದು ತಪ್ಪು ಲೇಖನ ಬಾಗಿಲಲ್ಲಿ ಅಡ್ಡ ಕೂತು ಸರಿಯಾದದ್ದನ್ನು ಒಳಗೆ ಬಿಡುತ್ತಿಲ್ಲ.

ಈಗ ಆ ಚೀಟಿಯ ವಿಷಯ. ಹನುಮಂತರಾಯಪ್ಪನ ಫಿಲೇಚರ್‌ನಲ್ಲಿ ಒಣ ಕೆಲಸವೂ ಇದೆ. ತೆಗೆದ ನೂಲಿಗೆ ಹುರಿ ಹಾಕುವ ವಿಭಾಗ, ಅಲ್ಲಿ ನೀರಿಲ್ಲ. ಈ ಕೆಲಸದಿಂದಲೇ ಕೈ ಕೆಟ್ಟಿದೆ, ಬೇಸಿನ್ ಬಿಡಿಸಬೇಕು ಎಂದು ಡಾಕ್ಟರ್ ಬರೆದುಕೊಟ್ಟರೆ ಅಲ್ಲಿಗೆ ಹಾಕುತ್ತೇನೆ ಎಂದು ಆತ ಒಪ್ಪಿದ್ದರು. ಬರೀ ಬಾಯಿಮಾತಿಗೆ ಹಾಕಿದರೆ ನಾಳೆ ಎಲ್ಲರೂ ಕೇಳುತ್ತಾರೆ ಎಂಬುದು ಅವರ ಭಯ. ಸಂಕ್ರಾಂತಿ ಕಳೆದ ಮೇಲೆ ಅತ್ತೆಯನ್ನು ದೊಡ್ಡಬಳ್ಳಾಪುರದಲ್ಲಿ ಕಾರ್ಮಿಕರನ್ನು ನೋಡುವ ಡಾ. ಮುರಳಿಯವರ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸು, ಒಳ್ಳೆಯವರೇ. ಕೈಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಆಮೇಲೆ ಕಂಪ್ಯೂಟರ್‌ನಲ್ಲಿ ಆ ದಪ್ಪ ಪುಸ್ತಕದ ಪುಟ ತೆಗೆದರು.

"ಇದು ಕೆಲ್ಸ ಬಿಡದೇನೆ ವಾಸಿ ಆಗುತ್ತೆ ಅಂತಿದೆ ಮೇಡಂ," ಎಂದರು. "ಆಗಿಲ್ಲ ಅಂದ್ರೆ ಅಮ್ಮ ಮುಲಾಮು ಸರಿಯಾಗಿ ಹಚ್ತಿಲ್ಲ ಅಂತ ಅರ್ಥ."

"ಸಾರ್, ಆ ಪುಸ್ತಕ ಯಾರನ್ನ ನೋಡಿ ಬರೆದದ್ದು ಗೊತ್ತಾ? ಇವ್ರನ್ನೇ ನೋಡಿ," ಎಂದೆ.

ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. "ನಾನು ಬರ್ಕೊಡ್ಬೋದು, ಆದ್ರೆ ಮೇಲೆ ಹೋದ್ರೆ ನಿಲ್ಲಲ್ಲ. ಯಾವ ಆಧಾರದ ಮೇಲೆ ಕೊಟ್ಟೆ ಅಂತ ನನ್ನೇ ಕೇಳ್ತಾರೆ."

ಎದುರಿಗೆ ಎರಡು ಕೈ ಮೇಜಿನ ಮೇಲೆ ಇದ್ದವು, ಮಾನ್ಯರೇ. ಬೇರೆ ಆಧಾರ ಇರಲಿಲ್ಲ.

ವಾಪಸ್ಸು ಬಂದು ನಮ್ಮ ಕಾಲೇಜಿನ ಚರ್ಮ ವಿಭಾಗದ ಹಿರಿಯರೊಬ್ಬರಿಗೆ ಎಲ್ಲವನ್ನೂ ಹೇಳಿದೆ. ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. "ನೀನು ಹೇಳೋದು ನಿಜಾನೇ ಇರ್ಬೋದು ವಾಣಿಶ್ರೀ. ಆದ್ರೆ ಕೆದಕ್ಬೇಡಮ್ಮ. ಆ ಪೇಪರ್ ಬಿದ್ರೆ ಅದನ್ನ ನಂಬ್ಕೊಂಡು ಬರೆದ ನಂದೂ ಎರಡು ಬೀಳುತ್ತೆ," ಎಂದರು. ಆ ಪ್ರಾಮಾಣಿಕತೆಗೆ ನಾನು ಋಣಿ. ನಿಮ್ಮ ಕಚೇರಿಯ ಉತ್ತರದಲ್ಲಿ ಅಷ್ಟೂ ಇರಲಿಲ್ಲ.

ಅತ್ತೆ ಬೇಸಿನ್ ಮುಂದೆಯೇ ಕೂತರು. ಕೆಲಸ ಬಿಡಿ ಎಂದು ಮಗ ಹೇಳಿದ, ನಾನೂ ಹೇಳಿದೆ. "ಬಿಟ್ ಬಂದು ಗ್ವಾಡೆ ನೋಡ್ತಾ ಕುಂತ್ಕಳ್ಳಾ? ಆ ಜಾಗದಾಗೆ ನನ್ ಜನ ಅವ್ರೆ ಕಣೋ," ಎಂದು ಎದ್ದು ಹೋದರು. ಯುಗಾದಿ ಆದ ಮೇಲೆ ಬಲಗೈ ತೋರುಬೆರಳು ಊದಿಕೊಂಡಿತು. ಉಗುರಿನ ಬುಡದ ಕೀವು ಮೂಳೆಗೆ ಇಳಿದಿದೆ ಎಂದು ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ಬೆರಳಿನ ತುದಿಯನ್ನು ತೆಗೆದರು. ಎಳೆ ಹುಡುಕುವುದು ಆ ತುದಿಯಿಂದಲೇ. ನನ್ನ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತರು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಇವತ್ತಿಗೂ ಉರಿಯುತ್ತಿದೆ.

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ನಾನು ಸುಮ್ಮನಾಗುತ್ತಿದ್ದೆ. ಗಾಯಕ್ಕೆ ಬಟ್ಟೆ ಕಟ್ಟಿದ ಮೂರನೇ ದಿನ ಅಲ್ಲಿ ಚರ್ಮರೋಗ ಓದುತ್ತಿರುವ ಡಾ. ಅಕ್ಷತ ಎಂಬ ಹುಡುಗಿ ವಾರ್ಡಿಗೆ ಬಂದಳು. ಕೈಯಲ್ಲಿ ಕ್ಯಾಮೆರಾ, ಒಂದು ಒಪ್ಪಿಗೆ ಪತ್ರ. ಬಹಳ ಮೃದುವಾಗಿ ಹೇಳಿದಳು: "ಅಮ್ಮ, ನಿಮ್ಮದು ತುಂಬಾ ರೇರ್ ಕೇಸು. ಸಾಮಾನ್ಯವಾಗಿ ಈ ಕಾಯಿಲೆ ವಾಸಿ ಆಗ್ಬಿಡುತ್ತೆ. ನಿಮಗೆ ಮಾತ್ರ ಹೀಗಾಗಿದೆ. ಅದನ್ನ ಒಂದು ಪತ್ರಿಕೆಗೆ ಬರೀತೀವಿ, ಮುಖ ಹಾಕಲ್ಲ, ಕೈ ಮಾತ್ರ."

ಅರ್ಥವಾಯಿತೇ, ಸಂಪಾದಕರೇ? ವಾಸಿಯಾಗುತ್ತದೆ ಎಂದು ತಾವು ಬರೆದದ್ದರಿಂದ ವಾಸಿಯಾಗದ ನಮ್ಮ ಅತ್ತೆ ಅಪರೂಪವಾದರು. ಅಪರೂಪವಾದ್ದರಿಂದ ಪ್ರಕಟಣೆಗೆ ಯೋಗ್ಯರಾದರು. ಒಂದೇ ಹೆಂಗಸಿನ ಒಂದೇ ಕೈ ನಿಮ್ಮ ಲೋಕಕ್ಕೆ ಎರಡು ಲೇಖನ ಕೊಟ್ಟಿತು, ಒಂದು ವಾಸಿಯಾಯಿತೆಂದು, ಒಂದು ಆಗಲಿಲ್ಲವೆಂದು. ಎರಡನೆಯದು ಮೊದಲನೆಯದನ್ನು ಖಂಡಿತ ಉಲ್ಲೇಖಿಸುತ್ತದೆ.

ಅತ್ತೆ ನನ್ನ ಮುಖ ನೋಡಿದರು. "ಏನಮ್ಮಿ ಹಂಗಂದ್ರೆ?"

"ಅಪರೂಪ ಅಂತೆ ಅತ್ತೆ. ನಿಮ್ಗೊಬ್ರಿಗೇ ಹಿಂಗಾಗಿದೆಯಂತೆ."

ಅವರಿಗೆ ಸಿಟ್ಟು ಬರಲಿಲ್ಲ, ಅಚ್ಚರಿಯಾಯಿತು. ಅಕ್ಷತಳ ಕಡೆ ತಿರುಗಿ ಹೇಳಿದರು: "ನನ್ಗೊಬ್ಬಳಿಗೇನಾ? ಅಯ್ಯೋ ನಿನ್ ಮನೆ ಕಾಯ್ವಾಗ! ನಮ್ ಸಾಲ್ನಾಗೆ ಕುಂತಿರೋರ್ದೆಲ್ಲಾ ಹಿಂಗೇ ಐತೆ ಕಣವ್ವ. ಕವಿತಂದು ನೋಡು, ಉಗುರೇ ಇಲ್ಲ. ಎಲ್ರುನೂ ಕರ್ಕೊಂಡ್ ಬರ್ಲಾ? ಒಂದ್ ಟೆಂಪೋ ಆಯ್ತಾರೆ. ಬರ್ಕೋ, ಬ್ಯಾಡ ಅನ್ನಲ್ಲ. ಆದ್ರೆ ಅಪ್ರೂಪ ಅಂತ ಬರೀಬ್ಯಾಡ, ಸುಳ್ಳಾಯ್ತದೆ."

ಹುಡುಗಿಯ ಮುಖ ಸಣ್ಣದಾಯಿತು. ಒಪ್ಪಿಗೆ ಪತ್ರದಲ್ಲಿದ್ದ ಆ ಪದವನ್ನು ಅವಳೇ ಪೆನ್ನಿನಿಂದ ಹೊಡೆದು ಹಾಕಿದಳು. ಹೋದ ತಿಂಗಳು ನನಗೆ ಫೋನ್ ಮಾಡಿದ್ದಳು. ಲೇಖನದ ಶೀರ್ಷಿಕೆಯಲ್ಲಿ ಆ ಪದವನ್ನು ಗೈಡು ಮತ್ತೆ ಸೇರಿಸಿದರಂತೆ. "ಅದಿಲ್ದೆ ಇದ್ರೆ ಯಾರೂ ತಗೊಳ್ಳಲ್ಲ ಅಂದ್ರು ಮೇಡಂ, ಸಾರಿ," ಎಂದಳು. ಯಾವ ಪತ್ರಿಕೆಗೆ ಕಳಿಸಿದ್ದಾರೆ ಎಂದು ಕೇಳಿದೆ. ನಿಮ್ಮದಕ್ಕೇ.

ಆದ್ದರಿಂದ ನನ್ನ ಒತ್ತಾಯ ಇದು. ಹಳೆಯ ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಆಗದಿದ್ದರೆ, ಎರಡನೇ ತಪಾಸಣೆ ನಡೆದಾಗ ಕೆಲಸ ನಿಂತಿತ್ತು, ಮುಲಾಮನ್ನು ಯಾರೂ ಹಚ್ಚಿರಲಿಲ್ಲ ಎಂಬ ಎರಡು ಸಾಲನ್ನು ಅದರ ತಲೆಯ ಮೇಲೆ ಕಾಣುವಂತೆ ಅಚ್ಚು ಹಾಕಿ, ಅದನ್ನು ನಂಬಿ ಬರೆದ ಎಲ್ಲರಿಗೂ ತಿಳಿಸಿ. ಹೊಸ ಲೇಖನದಿಂದ ಅಪರೂಪ ಎಂಬ ಸುಳ್ಳನ್ನು ಕಿತ್ತು ಹಾಕಿ. ಮತ್ತು ಯಾರನ್ನಾದರೂ ಕಳಿಸಿ, ಒಲೆ ಉರಿಯುವ ಒಂದು ದಿನ, ಮೊದಲೇ ಹೇಳದೆ. ಊಟ ನಮ್ಮ ಮನೆಯಲ್ಲೇ ಆಗಲಿ, ಮರ್ಯಾದೆಗೆ ಕೊರತೆ ಮಾಡುವುದಿಲ್ಲ.

ಇದಕ್ಕೆ ಗಡುವೂ ಇದೆ. ಅತ್ತೆ ಕೂರುತ್ತಿದ್ದ ಬೇಸಿನ್ ಮುಂದೆ ಈಗ ಕವಿತ ಕೂರುತ್ತಾಳೆ. ಅವಳಿಗೆ ನನ್ನ ವಯಸ್ಸು, ಇಬ್ಬರು ಚಿಕ್ಕ ಮಕ್ಕಳು. ಅವಳ ಬಲಗೈ ತೋರುಬೆರಳು ಊದಿಕೊಳ್ಳಲು ಶುರುವಾಗಿದೆ. ಬರುವ ಸೋಮವಾರ ಚೀಟಿ ಕೇಳಲು ಅವಳನ್ನು ನಾನೇ ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಡಾ. ಮುರಳಿ ಕಂಪ್ಯೂಟರ್ ಕಡೆ ತಿರುಗಿ ಅದೇ ಪುಟ ತೆಗೆಯುತ್ತಾರೆ. ಅಷ್ಟರೊಳಗೆ ಆ ಪುಟದಲ್ಲಿ ನಿಜ ಇರಬೇಕು.

ಇಂತಿ,
ಬೆಳಿಗ್ಗೆ ಎದ್ದು ಅತ್ತೆಗೆ ತಲೆ ಬಾಚಿ, ರವಿಕೆಯ ಗುಂಡಿ ಹಾಕಿಕೊಟ್ಟು ಕೆಲಸಕ್ಕೆ ಹೋಗುವ ಸೊಸೆ,
ವಾಣಿಶ್ರೀ
ವಿಜಯಪುರ, ದೇವನಹಳ್ಳಿ ತಾಲ್ಲೂಕು